ಉಣ್ಣೆ ನೆನೆಯಲೆಂದು ಕಾಯುವವರಿಗೆ

ಓದುಗರ ಪತ್ರ:

ಮಾನ್ಯ ಸಂಪಾದಕರೇ, ಕರ್ತನ ನಾಮದಲ್ಲಿ ವಂದನೆಗಳು. ನನ್ನ ಯಜಮಾನರು ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಬಹಳ ವರ್ಷಗಳಿಂದ ಕೆಲಸಕ್ಕಿದ್ದಾರೆ. ಈಗ ಮಂಡಿಪೇಟೆಯಲ್ಲಿ ಸ್ವಂತಕ್ಕೆ ಒಂದು ಮಳಿಗೆ ಹಿಡಿಯುವ ಯೋಚನೆಯಲ್ಲಿದ್ದಾರೆ. ಮುಂಗಡಕ್ಕೆ ನನ್ನ ಒಡವೆ ಅಡವಿಡಬೇಕು. ದೇವರ ಚಿತ್ತ ತಿಳಿಯಲು ಉಪವಾಸವಿದ್ದು ಪ್ರಾರ್ಥಿಸಿದೆ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟೆ. ಒಂದು ದಿನ ‘ಹೊರಡು’ ಎಂಬಂಥ ವಾಕ್ಯ ಬಂತು, ಮರುದಿನ ಬರೀ ವಂಶಾವಳಿ. ನಮ್ಮ ಸಭೆಯ ಸಹೋದರಿಯೊಬ್ಬರು, ಯಾವ ಸೀರೆ ಉಡಬೇಕೆಂಬುದನ್ನೂ ಕರ್ತನು ತಮಗೆ ತಿಳಿಸುತ್ತಾನೆಂದು ಸಾಕ್ಷಿ ಹೇಳಿದರು. ನನಗೇಕೆ ಉತ್ತರವಿಲ್ಲ? ನನ್ನ ನಂಬಿಕೆಯಲ್ಲಿಯೇ ಕೊರತೆಯೇ?
– ಓದುಗ ಸಹೋದರಿ, ನಿಟ್ಟುವಳ್ಳಿ, ದಾವಣಗೆರೆ

ಸಂಪಾದಕರ ಉತ್ತರ:

ಪ್ರಿಯ ಸಹೋದರಿ, ನಿಮ್ಮ ನಂಬಿಕೆಯಲ್ಲಿ ಕೊರತೆಯಿಲ್ಲ. ವಂಶಾವಳಿಯನ್ನು ವಂಶಾವಳಿ ಎಂದೇ ಓದಿದಿರಲ್ಲ, ಅದಕ್ಕೇ ನಿಮ್ಮನ್ನು ಮೆಚ್ಚಿದೆ. ಬೇರೆಯವರಾಗಿದ್ದರೆ ಅದರೊಳಗಿಂದಲೂ ಒಂದು ಮಳಿಗೆಯನ್ನು ಎಳೆದು ತೆಗೆಯುತ್ತಿದ್ದರು.

ದೇವರು ನೇರವಾಗಿ ದಾರಿ ತೋರುವುದಿಲ್ಲ ಎಂದು ನಾನು ಹೇಳಲಾರೆ. ತ್ರೋವ ಪಟ್ಟಣದಲ್ಲಿ ಅಪೊಸ್ತಲ ಪೌಲನಿಗೆ ರಾತ್ರಿ ದರ್ಶನವಾಯಿತು. ಮಕೆದೋನ್ಯದ ಒಬ್ಬನು ನಿಂತು ‘ಬಂದು ಸಹಾಯಮಾಡು’ ಎಂದು ಕರೆದನು. ನಮ್ಮಲ್ಲಿಯೂ ಹಾಗೆ ಕರೆಯಲ್ಪಟ್ಟವರು ಇರಬಹುದು, ಅವರಿಗೆ ನನ್ನ ನಮಸ್ಕಾರ. ಆದರೆ ಅದೇ ತ್ರೋವದಲ್ಲಿ ಪೌಲನು ತನ್ನ ಮೇಲಂಗಿಯನ್ನು ಕರ್ಪನೆಂಬವನ ಮನೆಯಲ್ಲಿ ಬಿಟ್ಟು ಬಂದಿದ್ದನು. ಅದನ್ನು ತರಿಸಿಕೊಳ್ಳಲು ಅವನು ದರ್ಶನಕ್ಕಾಗಿ ಕಾಯಲಿಲ್ಲ. ತನ್ನ ಶಿಷ್ಯ ತಿಮೊಥೆಗೆ ಪತ್ರ ಬರೆದನು: ಮೇಲಂಗಿ ತಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ. ನಮ್ಮ ವೇದಿಕೆಗಳಲ್ಲಿ ದರ್ಶನದ ಮೇಲೆ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಮೇಲಂಗಿಯ ಮೇಲೆ ಒಂದನ್ನೂ ಕೇಳಿಲ್ಲ.

ಗುರುತು ಬೇಕೆನ್ನುವವರೆಲ್ಲ ಗಿದ್ಯೋನನನ್ನು ಮುಂದೆ ನಿಲ್ಲಿಸುತ್ತಾರೆ. ಕಣದಲ್ಲಿ ಉಣ್ಣೆ ಹಾಸಿದ, ಮೊದಲ ರಾತ್ರಿ ಉಣ್ಣೆ ಮಾತ್ರ ನೆನೆಯಿತು, ಮರುರಾತ್ರಿ ನೆಲ ಮಾತ್ರ ನೆನೆಯಿತು. ನ್ಯಾಯಸ್ಥಾಪಕರು 6ನೆಯ ಅಧ್ಯಾಯವನ್ನು ಮೊದಲಿನಿಂದ ಓದಿ. ಇಸ್ರಾಯೇಲರನ್ನು ಶತ್ರುಗಳ ಕೈಯಿಂದ ಬಿಡಿಸು ಎಂದು ದೇವರು ಅವನಿಗೆ ಆಗಲೇ ಹೇಳಿಯಾಗಿತ್ತು. ಉಣ್ಣೆ ಹಾಸಿದ್ದು ದಾರಿ ತಿಳಿಯದೆ ಅಲ್ಲ, ಅಂಜಿಕೆಯಿಂದ. ದೇವರು ಅವನನ್ನು ಸಹಿಸಿಕೊಂಡರು ಎಂಬುದು ನಿಜ. ಸಹಿಸಿಕೊಂಡದ್ದನ್ನೆಲ್ಲ ನಾವು ಪದ್ಧತಿ ಮಾಡಿಕೊಂಡರೆ ಹೇಗೆ? ಯೂದನ ಸ್ಥಾನಕ್ಕೆ ಚೀಟು ಹಾಕಿ ಮತ್ತೀಯನನ್ನು ಅಪೊಸ್ತಲನಾಗಿ ಆರಿಸಿದ್ದೂ ಪವಿತ್ರಾತ್ಮನು ಇಳಿದು ಬರುವುದಕ್ಕೆ ಮುಂಚೆ. ಆತ್ಮನು ಬಂದ ಆ ಪಂಚಾಶತ್ತಮ ದಿನದ ನಂತರ ಅಪೊಸ್ತಲರು ಚೀಟು ಹಾಕಿದ ಸುದ್ದಿಯೇ ಇಲ್ಲ. ವಿಧವೆಯರ ಊಟದ ಹಂಚಿಕೆಯಲ್ಲಿ ಗೊಣಗಾಟ ಎದ್ದಾಗ, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿರಿ ಎಂದರು.

ಬೆರಳಿಟ್ಟು ವಾಕ್ಯ ತೆಗೆಯುವ ಅಭ್ಯಾಸ ಇಂದಿನದಲ್ಲ. 386ರಲ್ಲಿ ಮಿಲಾನಿನ ತೋಟದಲ್ಲಿ ‘ತೆಗೆದು ಓದು’ ಎಂಬ ಮಗುವಿನ ದನಿ ಕೇಳಿ ಪ್ರಾಚೀನ ಸಭೆಯ ಪಂಡಿತ ಅಗಸ್ಟೀನ್ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ತೆರೆದದ್ದು ಎಲ್ಲರಿಗೂ ಗೊತ್ತು. ಮುಂದೆ ಅದೇ ಅಗಸ್ಟೀನ್, ಲೌಕಿಕ ವ್ಯವಹಾರಗಳಿಗೆ ಸುವಾರ್ತೆಯ ಪುಟಗಳಿಂದ ಶಕುನ ತೆಗೆಯುವುದು ತನಗೆ ಹಿಡಿಸುವುದಿಲ್ಲ, ಕಣಿ ಕೇಳಲು ಹೋಗುವುದಕ್ಕಿಂತ ಅದು ವಾಸಿ ಎನ್ನಬಹುದು ಅಷ್ಟೇ ಎಂದು ಬರೆದದ್ದನ್ನು ಯಾರೂ ಹೇಳುವುದಿಲ್ಲ. ಮೆಥಡಿಸ್ಟ್ ಸಭೆಗೆ ಮೂಲಪುರುಷರಾದ ಜಾನ್ ವೆಸ್ಲಿಯ ಕಥೆ ಇನ್ನೂ ನೋವಿನದು. 1737ರ ಮಾರ್ಚ್‌ನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ, ಸೋಫಿ ಹಾಪ್ಕಿ ಎಂಬ ಹುಡುಗಿಯನ್ನು ಮದುವೆಯಾಗಬೇಕೇ ಎಂದು ಮೂರು ಚೀಟಿ ಬರೆಸಿದರು: ಮದುವೆಯಾಗು, ಈ ವರ್ಷ ಆ ಯೋಚನೆ ಬೇಡ, ಇನ್ನೆಂದೂ ಆ ಯೋಚನೆ ಬೇಡ. ಮೂರನೆಯದು ಬಂತು. ಕೆಲವೇ ದಿನಗಳಲ್ಲಿ ಆಕೆ ಬೇರೊಬ್ಬರನ್ನು ಮದುವೆಯಾದಳು. ಚೀಟಿಯಿಂದ ವಿಷಯ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ. ಆಗಸ್ಟ್‌ನಲ್ಲಿ ವೆಸ್ಲಿ ಆಕೆಗೆ ಕರ್ತನ ಭೋಜನವನ್ನು ನಿರಾಕರಿಸಿದರು, ಮಾತು ನ್ಯಾಯಾಲಯಕ್ಕೆ ಹೋಯಿತು, ಡಿಸೆಂಬರ್‌ನಲ್ಲಿ ಅವರು ಆ ನಾಡನ್ನೇ ಬಿಟ್ಟರು.

ಕಥೋಲಿಕ ಓದುಗರು ನಮ್ಮ ಪ್ರೊಟೆಸ್ಟೆಂಟರನ್ನು ನೋಡಿ ನಗುವುದು ಬೇಡ. 1522ರಲ್ಲಿ, ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಲೊಯೋಲಾದ ಇಗ್ನೇಷಿಯಸ್, ಮರಿಯಮ್ಮನವರನ್ನು ಕುರಿತು ಹಗುರವಾಗಿ ಮಾತನಾಡಿದ ಪ್ರಯಾಣಿಕನೊಬ್ಬನನ್ನು ಬೆನ್ನಟ್ಟಿ ಇರಿಯಬೇಕೇ ಬೇಡವೇ ಎಂದು ತೀರ್ಮಾನಿಸಲಾಗದೆ, ದಾರಿ ಕವಲೊಡೆಯುವಲ್ಲಿ ಹೇಸರಗತ್ತೆಯ ಲಗಾಮು ಸಡಿಲ ಬಿಟ್ಟರು. ಕತ್ತೆ ಬೇರೆ ದಾರಿ ಹಿಡಿಯಿತು, ಒಬ್ಬ ಮನುಷ್ಯನ ಜೀವ ಉಳಿಯಿತು. ಆ ಕತ್ತೆಗೆ ದೇವರು ಒಳ್ಳೆಯದು ಮಾಡಲಿ. ಆದರೆ ಅದೇ ಇಗ್ನೇಷಿಯಸ್ ಮುಂದೆ, ಪ್ರಾರ್ಥಿಸಿ, ಮನಸ್ಸನ್ನು ಸಮಸ್ಥಿತಿಗೆ ತಂದು, ಎರಡೂ ಕಡೆಯ ಅನುಕೂಲ ಅನನುಕೂಲಗಳನ್ನು ತೂಗಿ ತೀರ್ಮಾನಿಸುವ ಕ್ರಮವನ್ನು ಬರೆದುಕೊಟ್ಟರು. ಕತ್ತೆಯ ವಿಷಯ ಅದರಲ್ಲಿಲ್ಲ. 32ನೆಯ ಕೀರ್ತನೆಯಲ್ಲಂತೂ ದೇವರೇ ಹೇಳುತ್ತಾರೆ: ನಡೆಯಬೇಕಾದ ದಾರಿಯನ್ನು ಬೋಧಿಸುತ್ತೇನೆ; ಕಡಿವಾಣ ಹಾಕಿದರೆ ಮಾತ್ರ ಬರುವ ಕುದುರೆಯಂತೆ, ಹೇಸರಗತ್ತೆಯಂತೆ ಇರಬೇಡಿರಿ.

ನಿಮ್ಮ ಮಳಿಗೆಗೆ ಹೊಂದುವ ಭಾಗವೊಂದು ಸತ್ಯವೇದದಲ್ಲಿದೆ. ಕಣ್ಣು ತೆರೆದೇ ಓದಿ: ಯೆರೆಮೀಯ 32. ಅನಾತೋತಿನ ಹೊಲವನ್ನು ಕೊಂಡುಕೋ ಎಂದು ಬಂಧುವಾದ ಹನಮೇಲನು ಬಂದು ಕೇಳುವನೆಂದು ದೇವರು ಪ್ರವಾದಿ ಯೆರೆಮೀಯನಿಗೆ ಮುಂದಾಗಿಯೇ ತಿಳಿಸಿದರು. ಅವನು ಬಂದು ಕೇಳಿದ ಮೇಲೆಯೇ, ಇದು ಯೆಹೋವನ ಮಾತು ಎಂದು ತನಗೆ ಖಾತ್ರಿಯಾಯಿತು ಎಂದು ಪ್ರವಾದಿಯೇ ಬರೆಯುತ್ತಾನೆ. ಪ್ರವಾದಿಗೇ ಅಷ್ಟು ಎಚ್ಚರ! ಆಮೇಲೆ ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದನು, ಪತ್ರಕ್ಕೆ ರುಜು ಹಾಕಿ ಮುದ್ರೆ ಒತ್ತಿದನು, ಸಾಕ್ಷಿಗಳನ್ನು ಹಾಕಿಸಿದನು, ಕ್ರಯಪತ್ರದ ಎರಡೂ ಪ್ರತಿಗಳನ್ನು ತನ್ನ ಬರಹಗಾರ ಬಾರೂಕನ ಕೈಯಿಂದ ಮಣ್ಣಿನ ಮಡಕೆಯಲ್ಲಿ ಇಡಿಸಿದನು. ದೇವರೇ ಹೇಳಿದ ವ್ಯವಹಾರಕ್ಕೂ ಕಾಗದಪತ್ರ ಬೇಕಾಯಿತು.

ನಮ್ಮಲ್ಲಿ ಓದುವುದು ಮಾತ್ರ ಮೂರು ಅಧ್ಯಾಯ ಹಿಂದಿನ 29:11. ಹೊಸ ವರ್ಷದ ನಡುರಾತ್ರಿ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಅದಕ್ಕೆ ಸೋಲಿಲ್ಲ: ನಿಮ್ಮ ವಿಷಯವಾದ ನನ್ನ ಆಲೋಚನೆಗಳು ಹಿತದ ಆಲೋಚನೆಗಳೇ. ಅದರ ಹಿಂದಿನ ವಚನದಲ್ಲಿ ಎಪ್ಪತ್ತು ವರ್ಷ ಬಾಬೆಲಿನಲ್ಲಿ ಕಾಯಬೇಕೆಂದಿದೆ. ಅದಕ್ಕೂ ಹಿಂದೆ, ನಿಮ್ಮ ನಡುವಿನ ಪ್ರವಾದಿಗಳಿಗೂ ಕಣಿಯವರಿಗೂ ಕನಸುಗಳಿಗೂ ಮೋಸಹೋಗಬೇಡಿರಿ ಎಂದಿದೆ. ಇವನ್ನು ಕಾರ್ಡಿನಲ್ಲಿ ಮುದ್ರಿಸಿದ ಸಭೆಯನ್ನು ನಾನಿನ್ನೂ ನೋಡಿಲ್ಲ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದಾಗ ನಮ್ಮ ಸೀಮೆಯ ರೈತರು ಅದರಲ್ಲಿ ಮಳೆ ಬೆಳೆಯನ್ನು ಹುಡುಕುತ್ತಾರೆ. ನಮ್ಮವರು ಮುಸಿಮುಸಿ ನಗುತ್ತಾರೆ. ನೆರೆಯವರು ಕೇಳುವುದು ವರ್ಷಕ್ಕೊಂದು ಬಾರಿ. ನಗುವವರ ಮೊಬೈಲಿಗೆ ದಿನವೂ ಬೆಳಿಗ್ಗೆ ಒಂದು ಪ್ರವಾದನೆ ಬರುತ್ತದೆ, ಕೆಳಗೆ ಕಾಣಿಕೆಗಾಗಿ ಯುಪಿಐ ಸಂಖ್ಯೆಯ ಸಮೇತ.

‘ದೇವರು ನನಗೆ ಹೇಳಿದರು’ ಎಂಬ ಮಾತಿನಿಂದ ಆಗುತ್ತಿರುವ ಹಾನಿಯ ಬಗ್ಗೆ ಈ ಪತ್ರಿಕೆಯಲ್ಲಿ ಮೊದಲೂ ಬರೆದು ಬೈಸಿಕೊಂಡಿದ್ದೇನೆ. ಸಭೆಯ ಲೆಕ್ಕ ಕೇಳಿದರೆ ಆ ಮಾತು. ಕಟ್ಟಡಕ್ಕೆ ಇಷ್ಟೊಂದು ಸಾಲವೇಕೆ ಎಂದರೆ ಆ ಮಾತು. ಯುವಕನೊಬ್ಬ ಹುಡುಗಿಯ ಮುಂದೆ ನಿಂತು ‘ಕರ್ತನು ನಿನ್ನನ್ನು ನನಗೆ ತೋರಿಸಿದ್ದಾನೆ’ ಎನ್ನುತ್ತಾನೆ. ಒಲ್ಲೆ ಎಂದರೆ ಅವಳು ದೇವರಿಗೇ ಒಲ್ಲೆ ಎಂದಂತೆ. ಪೌಲನು ವಿಧವೆಗೆ, ಕರ್ತನಲ್ಲಿರುವವನಾದರೆ ಸಾಕು, ನಿನಗೆ ಇಷ್ಟವಾದವನನ್ನು ಮದುವೆಯಾಗು ಎಂದು ಬಿಡುಗಡೆ ಕೊಟ್ಟನು. ಆ ಬಿಡುಗಡೆಯನ್ನು ನಮ್ಮ ಹುಡುಗಿಯರಿಂದ ಯಾರು ಕಿತ್ತುಕೊಂಡರು? ಇನ್ನು ನಮ್ಮ ಚಂದಾದಾರರೊಬ್ಬರು, ಚಂದಾ ನವೀಕರಿಸಬೇಕೇ ಎಂದು ಕರ್ತನ ಪಾದದಲ್ಲಿ ಕಾಯುತ್ತಿರುವುದಾಗಿ ಬರೆದಿದ್ದಾರೆ. ಪತ್ರಿಕೆ ಮಾತ್ರ ಅವರ ಮನೆಗೆ ತಪ್ಪದೆ ಹೋಗುತ್ತಿದೆ.

ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ ಕೆಲಸ ಕಳೆದುಕೊಂಡ ಹಿರಿಯರೊಬ್ಬರು ನಮ್ಮ ಸಭೆಯಲ್ಲಿದ್ದರು. ಮುಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮಕ್ಕಳನ್ನು ಓದಿಸಿದರು. ದೇವರು ನಿಮ್ಮನ್ನು ಅಲ್ಲಿಗೆ ಹೇಗೆ ನಡೆಸಿದರು ಎಂದು ಯುವಕರ ಕೂಟದಲ್ಲಿ ಒಬ್ಬ ಕೇಳಿದ. ‘ಮನೆಯಲ್ಲಿ ಅಕ್ಕಿ ಇರಲಿಲ್ಲ, ಭಟ್ಟಿಯಲ್ಲಿ ಕೆಲಸ ಇತ್ತು, ಪ್ರಾರ್ಥನೆ ಮಾಡಿ ಹೋದೆ’ ಎಂದರು. ಕೇಳಿದವನಿಗೆ ನಿರಾಶೆಯಾಯಿತು. ನನಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನೆನಪಿಲ್ಲ.

ಜ್ಞಾನ ಕಡಿಮೆಯಾದವನು ದೇವರನ್ನು ಕೇಳಿಕೊಳ್ಳಲಿ ಎಂದು ಯಾಕೋಬನು ಬರೆದಿದ್ದಾನೆ. ಕೇಳಬೇಕಾದದ್ದು ಜ್ಞಾನ, ಗುರುತಲ್ಲ. ಹಾಗೆ ಕೇಳಿಕೊಂಡು ಎದ್ದ ಮೇಲೆ ಬಾಡಿಗೆ ಕರಾರನ್ನು ಓದಿ. ಹನ್ನೊಂದು ತಿಂಗಳದೋ, ಹೆಚ್ಚಿನದೋ? ಒಂದು ವರ್ಷ ಮೀರಿದ್ದಾದರೆ ನೋಂದಣಿ ಮಾಡಿಸಲೇಬೇಕು. ಮುಂಗಡ ಯಾವಾಗ, ಯಾವ ಷರತ್ತಿನ ಮೇಲೆ ವಾಪಸು? ಆ ಮಳಿಗೆಯಲ್ಲಿ ಮೊದಲಿದ್ದವರು ಏಕೆ ಬಿಟ್ಟರು? ಅವರನ್ನೇ ಹುಡುಕಿ ಕೇಳಿ. ಮದುವೆಯ ಕಾಲ, ದೀಪಾವಳಿ, ಮೆಕ್ಕೆಜೋಳ ಅಡಿಕೆಯ ಹಣ ಪೇಟೆಗೆ ಬರುವ ಕಾಲ ಬಿಟ್ಟರೆ ಉಳಿದ ತಿಂಗಳುಗಳಲ್ಲಿ ಬಾಡಿಗೆಯೂ ಒಡವೆಯ ಮೇಲಿನ ಬಡ್ಡಿಯೂ ಎಲ್ಲಿಂದ ಹುಟ್ಟಬೇಕು? ಉದರಿ ಎಷ್ಟು ನಿಲ್ಲುತ್ತದೆ ಎಂಬುದು ನಿಮ್ಮ ಯಜಮಾನರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಾಗದದ ಮೇಲೆ ಬರೆಸಿ. ಸಭಾಪಾಲಕರಿಗೆ ತಿಳಿಸಿ ಪ್ರಾರ್ಥನೆ ಮಾಡಿಸಿಕೊಳ್ಳಿ, ಆದರೆ ಲೆಕ್ಕವನ್ನು ಪೇಟೆ ಬಲ್ಲ ಇಬ್ಬರಿಗೆ ತೋರಿಸಿ. ಆಲೋಚನೆ ಹೇಳುವವರು ಬಹುಮಂದಿ ಇರಲಿ ಎಂದು ಜ್ಞಾನೋಕ್ತಿಗಳಲ್ಲಿಯೂ ಇದೆ.

ಕೊನೆಗೆ, ಸ್ವಲ್ಪ ಬಿರುಸಾಗಿಯೇ ಕೇಳುತ್ತೇನೆ, ಬೇಸರ ಬೇಡ. ಯಜಮಾನರ ಆಸೆ ಏನು, ಸಭೆಯ ಸಹೋದರಿ ಏನೆಂದರು, ಬೆರಳಿಟ್ಟಲ್ಲಿ ಯಾವ ವಾಕ್ಯ ಬಂತು, ಎಲ್ಲವನ್ನೂ ಬರೆದಿದ್ದೀರಿ. ಒಡವೆ ನಿಮ್ಮದು. ಅದನ್ನು ಅಡವಿಡುವುದು ನಿಮಗೆ ಸರಿ ಕಾಣುತ್ತದೆಯೋ ಇಲ್ಲವೋ ಎಂಬ ಒಂದು ಸಾಲು ಮಾತ್ರ ಪತ್ರದಲ್ಲಿ ಎಲ್ಲಿಯೂ ಇಲ್ಲ. ಮನೆಯಲ್ಲಿಯಾದರೂ ಅದನ್ನು ಹೇಳಿದ್ದೀರಾ?

– ಸಂಪಾದಕ