ಟಿಕೆಟ್ ಬೇಡ, ಎರಡೂ ಗೇಟು ತೆರೆಯಿರಿ

ಓದುಗರ ಪತ್ರದ ಸಾರಾಂಶ: ಪತ್ರ ಬರೆದವರು ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ, ಎನ್‌ಎಸ್‌ಎಸ್ ಘಟಕವನ್ನೂ ನೋಡಿಕೊಳ್ಳುತ್ತಾರೆ. ಕಾಲೇಜು ಮೈದಾನದಲ್ಲಿ ಒಂದು ಭಾನುವಾರ ಇಡೀ ಊರಿಗೆ ಉಚಿತ ಕಾರ್ನಿವಲ್ ಮಾಡಬೇಕು ಅಂತ ಅವರಿಗೂ ವಿದ್ಯಾರ್ಥಿಗಳಿಗೂ ಆಸೆ. ಸಹೋದ್ಯೋಗಿಗಳು ಒಪ್ಪುತ್ತಿಲ್ಲ. "ಫ್ರೀ ಅಂದರೆ ಜನ ನುಗ್ಗುತ್ತಾರೆ. ತಲೆಗೆ ಇಪ್ಪತ್ತು ರೂಪಾಯಿ ಟಿಕೆಟ್ ಇಡಿ, ಮಳಿಗೆಗಳನ್ನು ವ್ಯಾಪಾರಿಗಳಿಗೆ ಬಾಡಿಗೆಗೆ ಕೊಡಿ, ಖರ್ಚು ಹುಟ್ಟುತ್ತೆ" ಅನ್ನುತ್ತಿದ್ದಾರಂತೆ. ಟಿಕೆಟ್ ಇಡಬೇಕಾ, ಬೇಡ್ವಾ? ಕೆಲಸ ಎಲ್ಲಿಂದ ಶುರು ಮಾಡೋದು? ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಮೇಷ್ಟ್ರೇ, ಟಿಕೆಟ್ ಖಂಡಿತ ಬೇಡ. ಇಪ್ಪತ್ತು ಬಿಡಿ, ಐದು ರೂಪಾಯಿಯೂ ಬೇಡ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಗೇಟಿನ ತನಕ ಬಂದು, ಎಂಬತ್ತು ರೂಪಾಯಿ ಆಗುತ್ತಲ್ಲ ಅಂತ ಲೆಕ್ಕ ಹಾಕಿ, "ನಾಳೆ ಬರೋಣ" ಅಂತ ಮಕ್ಕಳಿಗೆ ಹೇಳಿ ವಾಪಸ್ ಹೋದರೆ ಅದು ನಿಮ್ಮ ಯಾವ ಲೆಕ್ಕಕ್ಕೂ ಬರುವುದಿಲ್ಲ. ಒಳಗೆ ಬಂದವರನ್ನು ಮಾತ್ರ ನಾವು ಎಣಿಸುತ್ತೇವೆ. ಕಾಲೇಜಿನ ಗೇಟು ಅಂದರೇ ನಮ್ಮೂರಿನಲ್ಲಿ ಎಷ್ಟೋ ಜನಕ್ಕೆ ಹಿಂಜರಿಕೆ. ಅದರ ಮುಂದೆ ದಿನಾ ಓಡಾಡುತ್ತಾರೆ, ಒಳಗೆ ಕಾಲಿಟ್ಟಿರುವುದಿಲ್ಲ. ನಿಮ್ಮ ಕಾರ್ನಿವಲ್‌ನಿಂದ ಬೇರೇನೂ ಆಗದಿದ್ದರೂ ಚಿಂತೆಯಿಲ್ಲ. ಅವರು ಒಂದು ದಿನ ಆ ಗೇಟು ದಾಟಿ, ಮೈದಾನದಲ್ಲಿ ಕೂತು, ತಮ್ಮ ಮಕ್ಕಳು ಓಡಾಡುವುದನ್ನು ನೋಡಿದರೆ ನನ್ನ ಪ್ರಕಾರ ಅಷ್ಟೇ ಸಾಕು.

ಆದರೆ ನಿಮ್ಮ ಸಹೋದ್ಯೋಗಿಗಳ ಭಯವನ್ನು ತಳ್ಳಿಹಾಕಬೇಡಿ. 2025ರ ಜೂನ್ 4ರಂದು ಆರ್‌ಸಿಬಿ ಕ್ರಿಕೆಟ್ ತಂಡದ ಗೆಲುವಿನ ಸಂಭ್ರಮಕ್ಕೆ ಜನ ಸೇರಿದ್ದಾಗ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು, ಹೆಚ್ಚಿನವರು ಚಿಕ್ಕ ವಯಸ್ಸಿನವರು. ಅದನ್ನು ನೋಡಿದ ಮೇಲೆ ಉಚಿತ ಅನ್ನುವ ಮಾತಿಗೇ ಹೆದರುವುದು ಸಹಜ. ಆದರೆ ಅಲ್ಲಿನ ಪರಿಸ್ಥಿತಿ ನೋಡಿ. ನೋಡಬೇಕಾದ್ದು ಒಂದೇ, ಅದಕ್ಕೆ ಸಮಯವೂ ಒಂದೇ, ಜಾಗ ಕಡಿಮೆ, ಹೋಗುವ ದಾರಿ ಕಿರಿದು, ಬಂದವರು ಲಕ್ಷಗಟ್ಟಲೆ. ಸಿಗುವುದು ಕೆಲವರಿಗೆ ಮಾತ್ರ ಅಂತಾದರೆ ಜನ ನುಗ್ಗುತ್ತಾರೆ. ಹಾಗಾಗಿ ನಿಮ್ಮ ಹಬ್ಬದಲ್ಲಿ ಮುಗಿದುಹೋಗುವ ವಸ್ತು ಯಾವುದೂ ಇರಬಾರದು. ಮೊದಲು ಬಂದ ನೂರು ಜನಕ್ಕೆ ಟೀ ಶರ್ಟ್ ಬೇಡ, ಲಕ್ಕಿ ಡಿಪ್ ಬೇಡ, ಸಂಜೆ ಆರಕ್ಕೆ ಟಿವಿಯ ಗಾಯಕರು ಬರ್ತಾರೆ ಅನ್ನುವ ಪೋಸ್ಟರ್ ಅಂತೂ ಬೇಡವೇ ಬೇಡ. ಬೆಳಿಗ್ಗೆ ಹತ್ತಕ್ಕೆ ಸಿಗುವುದು ಸಂಜೆ ಐದಕ್ಕೂ ಸಿಗಬೇಕು. ಆಗ ಜನ ತಮ್ಮ ಪಾಡಿಗೆ ಬರುತ್ತಾರೆ, ಹೋಗುತ್ತಾರೆ. ಒಂದು ಗೇಟಿನಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಎರಡನೇ ಗೇಟಿಗೆ ವರ್ಷವೆಲ್ಲ ಬೀಗ ಹಾಕಿರುವ ಕಾಲೇಜುಗಳೇ ಜಾಸ್ತಿ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಇವತ್ತೇ ಹುಡುಕಿಸಿ.

ಗೇಟಿನ ಹೊರಗಿನ ರಸ್ತೆಯನ್ನೂ ಮರೆಯಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಗೆ ಲಾರಿ ನುಗ್ಗಿದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಸತ್ತವರಲ್ಲಿ ಕಾಲೇಜು ಹುಡುಗರೂ ಇದ್ದರು. ಜಾಥಾ, ಮೆರವಣಿಗೆ ಅಂತ ರಸ್ತೆಗೆ ಇಳಿಯಬೇಡಿ. ಎಲ್ಲವೂ ಕಾಂಪೌಂಡಿನ ಒಳಗೇ ಇರಲಿ. ಗೇಟಿನ ಮುಂದೆ ರಸ್ತೆ ದಾಟುವ ಜಾಗಕ್ಕೆ ಸಂಚಾರ ಪೊಲೀಸರನ್ನು ಪತ್ರ ಬರೆದೇ ಕೇಳಿಕೊಳ್ಳಿ, ಬಾಯಿಮಾತಲ್ಲಿ ಹೇಳಿ ಬರಬೇಡಿ.

ಇನ್ನು ಮಳಿಗೆ ಬಾಡಿಗೆಯ ವಿಷಯ. ನನಗೆ ಟಿಕೆಟ್‌ಗಿಂತ ಜಾಸ್ತಿ ಚಿಂತೆ ಇದರದ್ದೇ. ಗೇಟಿನಲ್ಲಿ ದುಡ್ಡು ಕೇಳದೆ ಒಳಗೆ ಹೆಜ್ಜೆಹೆಜ್ಜೆಗೂ ಕೇಳಿದರೆ ಅದು ಉಚಿತ ಹೇಗಾಗುತ್ತೆ? ಜಾತ್ರೆಯಲ್ಲಿ ನೋಡಿರುತ್ತೀರಿ. ಗಾಳಿ ತುಂಬಿದ ದೊಡ್ಡ ಜಾರುಬಂಡೆಯ ಮುಂದೆ ಒಂದು ಮಗು ಚಪ್ಪಲಿ ಬಿಟ್ಟು ರೆಡಿಯಾಗಿ ನಿಂತಿರುತ್ತದೆ. ಅಮ್ಮ ರೇಟು ಕೇಳಿ ಬಂದು, ಏನೂ ಮಾತಾಡದೆ, ಅದೇ ಚಪ್ಪಲಿಯನ್ನು ವಾಪಸ್ ಮಗುವಿನ ಕಾಲಿಗೆ ಹಾಕುತ್ತಾಳೆ. ನಿಮ್ಮ ಮೈದಾನದಲ್ಲಿ ಇದು ಒಂದು ಸಲವೂ ಆಗಬಾರದು. ಆಟ ಅಷ್ಟೂ ಉಚಿತ ಇರಲಿ. ಹಾಗೆ ಮಾಡಬೇಕು ಅಂದರೆ ಬಾಡಿಗೆ ಯಂತ್ರಗಳನ್ನು ತರಿಸದೆ ಕೈಯಲ್ಲಿರುವ ಆಟಗಳನ್ನೇ ಆಡಿಸಬೇಕು.

ಆಟಗಳಿಗೆ ನಮ್ಮಲ್ಲಿ ಏನು ಕಡಿಮೆ? ಲಗೋರಿಗೆ ಏಳು ಕಲ್ಲು, ಒಂದು ಚೆಂಡು. ಬುಗುರಿ, ಗೋಲಿ, ಕುಂಟೆಬಿಲ್ಲೆ. ಗಿಲ್ಲಿದಾಂಡು ಆಡಿಸುವುದಾದರೆ ಒಂದು ಮೂಲೆಯಲ್ಲಿ ಹಗ್ಗ ಕಟ್ಟಿ ಆಡಿಸಿ, ಚಿಣ್ಣಿ ಹಾರಿ ಕಣ್ಣಿಗೆ ಬಿದ್ದರೆ ಕಷ್ಟ. ಅಳಗುಳಿಮನೆ ಮರದ್ದು ಎಷ್ಟೋ ಮನೆಯ ಅಟ್ಟದಲ್ಲಿ ಸುಮ್ನೆ ಬಿದ್ದಿರುತ್ತದೆ. ವಿದ್ಯಾರ್ಥಿಗಳಿಗೆ ಅಜ್ಜಿ ಮನೆಯಿಂದ ತರಲು ಹೇಳಿ. ಹದಿನಾಲ್ಕು ಗುಳಿ, ಒಂದು ಬೊಗಸೆ ಹುಣಸೆಬೀಜ, ಅಷ್ಟೇ ಬೇಕಾಗಿರುವುದು. ಬ್ಯಾಡ್ಮಿಂಟನ್ ಅಂಕಣದ ಸಿಮೆಂಟಿನ ಮೇಲೆ ಸುಣ್ಣದಲ್ಲಿ ದೊಡ್ಡದೊಂದು ಚೌಕಾಬಾರ ಬರೆಯಿರಿ, ಐದು ಸಾಲು ಐದು ಮನೆ, ಒಂದೊಂದು ಮನೆಯಲ್ಲೂ ಒಬ್ಬ ಮನುಷ್ಯ ನಿಲ್ಲುವಷ್ಟು ಅಗಲ. ಮಕ್ಕಳೇ ಕಾಯಿಗಳು. ಕವಡೆ ಹಾಕಲು ವಯಸ್ಸಾದವರನ್ನು ಕುರ್ಚಿ ಹಾಕಿ ಕೂರಿಸಿ. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಬಾರ, ಅಂದರೆ ಎಂಟು. ಅಜ್ಜಿ "ಬಾರ!" ಅಂತ ಕೂಗಿದಾಗ ಯಾರದೋ ಮನೆಯ ಹುಡುಗ ಎಂಟು ಮನೆ ಕುಣಿದು ಹೋಗಿ ಇನ್ನೊಬ್ಬನನ್ನು ಕಡಿದು ಆಚೆ ಕಳಿಸುತ್ತಾನೆ. ಪರಿಚಯವೇ ಇಲ್ಲದ ನಾಲ್ಕು ಕುಟುಂಬಗಳು ಅರ್ಧ ಗಂಟೆ ಒಂದೇ ಆಟದಲ್ಲಿ ಮುಳುಗಿರುತ್ತವೆ. ಇದಕ್ಕೆ ಖರ್ಚು ಒಂದು ಚೀಲ ಸುಣ್ಣ.

ತಿಂಡಿ ಮಾತ್ರ ಎಲ್ಲವೂ ಉಚಿತ ಮಾಡಲು ಹೋಗಬೇಡಿ, ಅಲ್ಲೇ ನೂಕುನುಗ್ಗಲು ಶುರುವಾಗುತ್ತದೆ. ರಾಮನವಮಿಯಲ್ಲಿ ಮಾಡುವ ಹಾಗೆ ಪಾನಕ, ಮಜ್ಜಿಗೆ, ಕೋಸಂಬರಿ ಮೂರನ್ನು ದಿನವಿಡೀ ಕೊಡಿ. ಒಂದೇ ಕಡೆ ಬೇಡ, ಮೈದಾನದ ಮೂರ್ನಾಲ್ಕು ಕಡೆ ಇಡಿ. ಅದನ್ನು ಯಾರೂ ದಾನ ಅಂದುಕೊಳ್ಳುವುದಿಲ್ಲ, ಕಾರಿನಲ್ಲಿ ಬಂದವರೂ ನಿಂತು ಕುಡಿಯುತ್ತಾರೆ. ಹೊಟ್ಟೆ ತುಂಬ ತಿನ್ನಬೇಕು ಅನ್ನುವವರಿಗೆ ಸ್ತ್ರೀಶಕ್ತಿ ಸಂಘದವರಿಗೆ ಹೇಳಿ ಅಕ್ಕಿರೊಟ್ಟಿ, ಕಡುಬು, ಚಿತ್ರಾನ್ನ ಮಾರಿಸಿ. ಜಾಗಕ್ಕೆ ಬಾಡಿಗೆ ಕೇಳಬೇಡಿ. ಅದರ ಬದಲು, ಬೆಲೆ ಇಷ್ಟಕ್ಕಿಂತ ಜಾಸ್ತಿ ಇಡಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಆಹಾರ ಸುರಕ್ಷತಾ ನೋಂದಣಿ ಇದೆಯಾ ಕೇಳಿ. ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ ಅಷ್ಟೇ, ಇಲ್ಲದವರಿಗೆ ನಿಮ್ಮ ವಿದ್ಯಾರ್ಥಿಗಳೇ ಆನ್‌ಲೈನ್‌ನಲ್ಲಿ ಮಾಡಿಸಿಕೊಡಬಹುದು. ತಿಂಡಿ ಸಾಲು ಗೇಟಿನಿಂದ ದೂರ ಇರಲಿ, ಮಕ್ಕಳ ಕಣ್ಣಿಗೆ ಮೊದಲು ಆಟ ಬೀಳಲಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಎಲ್ಲವನ್ನೂ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ. ಬಾಳೆಲೆ ತುಂಡು, ಅಡಿಕೆ ಹಾಳೆ ತಟ್ಟೆ ಸಾಕು. ಬ್ಯಾನರ್ ಬಟ್ಟೆಯದ್ದಿರಲಿ, ಚಿತ್ರಕಲೆ ಬರುವ ವಿದ್ಯಾರ್ಥಿಗಳ ಕೈಯಲ್ಲಿ ಬರೆಸಿ.

ದಿನಾಂಕ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳ ಹತ್ತಿರಕ್ಕೂ ಹೋಗಬೇಡಿ. ಆಶ್ವಯುಜದಲ್ಲಿ ಪೊಲೀಸರು, ಬಸ್ಸು, ಊರಿನ ರಸ್ತೆ ಎಲ್ಲವೂ ಆ ಕಡೆಗೇ, ಮೇಲೆ ಹಿಂಗಾರು ಮಳೆ ಬೇರೆ. ಡಿಸೆಂಬರ್, ಜನವರಿಯಲ್ಲಿ ಸಕಲೇಶಪುರ, ಆಲೂರು ಕಡೆ ಕಾಫಿ ಕೊಯ್ಲು, ತೋಟದ ಕೆಲಸದವರಿಗೆ ಪುರುಸೊತ್ತಿರುವುದಿಲ್ಲ. ಮಾರ್ಚ್ ಬಂದರೆ ಪರೀಕ್ಷೆ. ಫೆಬ್ರವರಿಯ ಮೊದಲ ಅಥವಾ ಎರಡನೇ ಭಾನುವಾರ ನನಗೆ ಸರಿ ಕಾಣುತ್ತದೆ. ಭಾನುವಾರ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೂ ರಜೆ.

ಮುಗಿಸುವ ಸಮಯ ಇನ್ನೂ ಮುಖ್ಯ. ಧ್ವನಿವರ್ಧಕಕ್ಕೆ ಕಾನೂನಿನ ಗಡಿ ರಾತ್ರಿ ಹತ್ತು. ಅದಕ್ಕೂ ಪೊಲೀಸರ ಲಿಖಿತ ಅನುಮತಿ ಬೇಕು, ಹತ್ತಿರ ಆಸ್ಪತ್ರೆ ಇದ್ದರೆ ನಿಯಮ ಇನ್ನೂ ಬಿಗಿ. ನೀವು ಮಾತ್ರ ಸಂಜೆ ಆರಕ್ಕೇ ಮುಗಿಸಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಟಿಕೆಟ್ ಚಿಂತೆಯಿಲ್ಲದೆ ಸರ್ಕಾರಿ ಬಸ್ಸಲ್ಲಿ ಹಾಸನಕ್ಕೆ ಬರುತ್ತಾರೆ, ಆದರೆ ಅವರ ಊರಿನ ಕೊನೇ ಬಸ್ಸು ನಿಮಗಾಗಿ ಕಾಯುವುದಿಲ್ಲ. ಕೊನೇ ಬಸ್ಸುಗಳ ವೇಳಾಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹೊರಗೆ ಹೋಗುವ ಗೇಟಿನಲ್ಲಿ ಹಾಕಿ, ನಾಲ್ಕು ಗಂಟೆಯಿಂದ ಮೈಕಿನಲ್ಲಿ ಹೇಳುತ್ತಲೂ ಇರಿ. ಬೆಳಕಿರುವಾಗಲೇ ಮುಗಿದರೆ ಚೆಸ್ಕಾಂನವರ ತಾತ್ಕಾಲಿಕ ವಿದ್ಯುತ್ ಸಂಪರ್ಕ, ಜನರೇಟರು, ವೈರು ಎಳೆದಾಡುವ ಅಪಾಯ ಎಲ್ಲವೂ ಕಡಿಮೆಯಾಗುತ್ತದೆ.

ಶೌಚಾಲಯದ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. ಮಗು ಎತ್ತಿಕೊಂಡ ತಾಯಿ ನಿಮ್ಮ ಹಬ್ಬದಲ್ಲಿ ಎಷ್ಟು ಹೊತ್ತು ಇರುತ್ತಾಳೆ ಅನ್ನುವುದು ನಿಂತಿರುವುದೇ ಅದರ ಮೇಲೆ. ಹಿಂದಿನ ದಿನ ಇಬ್ಬರು ವಿದ್ಯಾರ್ಥಿನಿಯರನ್ನು ಕಳಿಸಿ ಒಂದೊಂದೇ ಬಾಗಿಲು ನೋಡಿಸಿ. ಒಳಗಿನ ಚಿಲಕ ಬೀಳುತ್ತಾ, ನಲ್ಲಿಯಲ್ಲಿ ನೀರು ಬರುತ್ತಾ, ಬಕೆಟ್ಟು ಮಗ್ಗು ಇದೆಯಾ, ಲೈಟು ಉರಿಯುತ್ತಾ. ಗಾಲಿಕುರ್ಚಿ ಹೋಗುವಂಥದ್ದು ಒಂದಾದರೂ ಇರಬೇಕು. ಇಡೀ ದಿನ ಅಲ್ಲಿನ ಜವಾಬ್ದಾರಿಗೆ ಒಂದು ತಂಡ, ಎರಡು ಗಂಟೆಗೊಮ್ಮೆ ಬದಲಾಗಲಿ. ಸಂಜೆ ಮೈದಾನ ಗುಡಿಸುವುದನ್ನೂ ವಿದ್ಯಾರ್ಥಿಗಳೇ ಮಾಡಲಿ. ಪೌರಕಾರ್ಮಿಕರು ಆ ದಿನ ತಮ್ಮ ಮಕ್ಕಳನ್ನು ಕರೆದುಕೊಂಡು ಬರುವ ಅತಿಥಿಗಳು. ಅವರ ಬಡಾವಣೆಗೆ ನೀವೇ ಹೋಗಿ, ಬಾಯಿಬಿಟ್ಟು ಕರೆದು ಬನ್ನಿ. ಪೋಸ್ಟರ್ ನೋಡಿ ಬರಲಿ ಅಂತ ಬಿಟ್ಟರೆ ಅವರು ಬರುವುದಿಲ್ಲ, ಅದು ತಮಗಲ್ಲ ಅಂದುಕೊಳ್ಳುತ್ತಾರೆ.

ಕೈಗಳು ನಿಮ್ಮಲ್ಲೇ ಇವೆ. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು ಅಂತ ನಿಯಮವೇ ಇದೆಯಲ್ಲ, ಈ ಕೆಲಸವನ್ನೂ ಅದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಎನ್‌ಸಿಸಿಯವರಿಗೆ ಗೇಟು ಮತ್ತು ಸಾಲು, ಯುವ ರೆಡ್‌ಕ್ರಾಸ್‌ನವರಿಗೆ ಪ್ರಥಮ ಚಿಕಿತ್ಸೆ ಒಪ್ಪಿಸಿ. 108ರ ಆಂಬುಲೆನ್ಸ್ ಬಂದರೆ ಮೈದಾನದ ಮಧ್ಯದವರೆಗೂ ಬರುವ ದಾರಿ ಖಾಲಿ ಇರಬೇಕು, ಅಲ್ಲಿ ಬೈಕು ನಿಲ್ಲಿಸಲು ಪ್ರಾಂಶುಪಾಲರಿಗೂ ಬಿಡಬೇಡಿ. ತಪ್ಪಿಸಿಕೊಂಡ ಮಕ್ಕಳನ್ನು ಕರೆತರಲು ಎಲ್ಲರಿಗೂ ಕಾಣುವಂಥ ಒಂದು ಜಾಗ ಮಾಡಿ, ಅಲ್ಲಿ ಇಬ್ಬರು ಅಧ್ಯಾಪಕಿಯರು ಇರಲಿ.

ಖರ್ಚಿಗೆ ದುಡ್ಡು ಕೇಳುವ ಬದಲು ಸಾಮಾನು ಕೇಳಿ. ಶಾಮಿಯಾನದವರ ಹತ್ತಿರ ಎರಡು ಪೆಂಡಾಲ್, ಕಿರಾಣಿ ಅಂಗಡಿಯವರ ಹತ್ತಿರ ಬೆಲ್ಲ, ಹೆಸರುಬೇಳೆ, ತೋಟದವರ ಹತ್ತಿರ ಕಾಫಿಪುಡಿ, ಹಾಲಿನ ಡೇರಿಯವರ ಹತ್ತಿರ ಮಜ್ಜಿಗೆ. ಐನೂರು ರೂಪಾಯಿ ಕೊಡಲು ಹಿಂದೆಮುಂದೆ ನೋಡುವವರೂ ಎರಡು ಅಚ್ಚು ಬೆಲ್ಲ ಖುಷಿಯಿಂದ ಕೊಡುತ್ತಾರೆ, ಆಮೇಲೆ ತಮ್ಮ ಬೆಲ್ಲದ ಪಾನಕ ಹೇಗಾಗಿದೆ ಅಂತ ನೋಡಲು ಮನೆಮಂದಿಯನ್ನೂ ಕರೆದುಕೊಂಡು ಬರುತ್ತಾರೆ. ಕುರ್ಚಿ, ಮೇಜು, ಮೈಕು ಕಾಲೇಜಿನದ್ದೇ ಇರುತ್ತದೆ. ಯಾರು ಏನು ಕೊಟ್ಟರು, ಎಷ್ಟು ಖರ್ಚಾಯಿತು ಅನ್ನುವುದನ್ನು ವಾರದೊಳಗೆ ನೋಟಿಸ್ ಬೋರ್ಡಿಗೆ ಹಾಕಿ.

ವೇದಿಕೆ ಕಾರ್ಯಕ್ರಮ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಭಾಷಣ ಅಂತ ಶುರುವಾದರೆ ಎರಡು ಗಂಟೆ ಮಕ್ಕಳು ಬಿಸಿಲಲ್ಲಿ ಕೂರಬೇಕಾಗುತ್ತದೆ. ಶಾಸಕರನ್ನು ಕರೆಯಿರಿ, ಚೌಕಾಬಾರದ ಕವಡೆ ಅವರ ಕೈಗೆ ಕೊಟ್ಟು ಮೊದಲ ಆಟ ಆಡಿಸಿ. ಉದ್ಘಾಟನೆ ಅದೇ ಆಗಲಿ. ಕೋಲಾಟ, ವೀರಗಾಸೆ, ಸುಗ್ಗಿ ಕುಣಿತದವರು ಸಿಕ್ಕರೆ ಮೈದಾನದ ನಡುವೆಯೇ ಕುಣಿಯಲಿ, ಜನ ಸುತ್ತ ನಿಂತು ನೋಡಲಿ. ಆ ಕಲಾವಿದರಿಗೆ ಮಾತ್ರ ಸಂಭಾವನೆ ಕೊಡಲೇಬೇಕು. ಬಂದವರಿಗೆ ಉಚಿತ ಅಂದ ಮಾತ್ರಕ್ಕೆ ದುಡಿದವರಿಗೂ ಪುಕ್ಕಟೆ ಅಂತಲ್ಲ.

ಮೊದಲ ಕೆಲಸ ಪ್ರಾಂಶುಪಾಲರ ಲಿಖಿತ ಒಪ್ಪಿಗೆ. ಅದು ಕೈಗೆ ಬಂದ ದಿನವೇ ಪೊಲೀಸ್ ಠಾಣೆ, ಮಹಾನಗರ ಪಾಲಿಕೆ ಮತ್ತು ಅಗ್ನಿಶಾಮಕ ಠಾಣೆಗೆ ಪತ್ರ ಹೋಗಲಿ, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ದಿನಾಂಕ ಗೊತ್ತಾದ ತಕ್ಷಣ ನಮಗೆ ಬರೆಯಿರಿ, ಪ್ರಕಟಣೆಯನ್ನು ದುಡ್ಡಿಲ್ಲದೆ ಹಾಕುತ್ತೇವೆ. ಅಳಗುಳಿಮನೆ ಕಡಿಮೆ ಬಿದ್ದರೆ ಅದನ್ನೂ ತಿಳಿಸಿ, ನಮ್ಮ ಓದುಗರಲ್ಲೇ ಕೇಳೋಣ.