ಮುಂಜಾನೆ ಇಳಿದ ಜ್ವರ ಸಂಜೆ ಯಾಕೆ ಜಗ್ಗುವುದಿಲ್ಲ?

ಪ್ರಶ್ನೆ: ತಂದೆಗೆ 62 ವರ್ಷ, ಮೂರು ದಿನದಿಂದ ಜ್ವರ. ಮುಂಜಾನೆ ಪ್ಯಾರಾಸಿಟಮಾಲ್ 650 ಗುಳಿಗೆ ಕೊಟ್ಟರೆ ಮೈ ತಣ್ಣಗಾಗುತ್ತದೆ. ಸಂಜೆ ಅದೇ ಗುಳಿಗೆಗೆ 103 ಇದ್ದದ್ದು 101ಕ್ಕೇ ನಿಲ್ಲುತ್ತದೆ. ಸಂಜೆ ಎರಡು ಕೊಡಬಹುದೇ?
— ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಬೇಡ. ಎರಡು ಸೇರಿದರೆ 1300 ಮಿಲಿಗ್ರಾಂ. ದೊಡ್ಡವರಿಗೂ ಒಂದು ಸಲಕ್ಕೆ 1000 ದಾಟಬಾರದು.

ಗುಳಿಗೆಯ ತಪ್ಪಲ್ಲ. ಆರೋಗ್ಯವಂತರ ಮೈಬಿಸಿಯೂ ನಸುಕಿನಲ್ಲಿ ತೀರ ಕಡಿಮೆ, ಇಳಿಹೊತ್ತಿನಲ್ಲಿ ಹೆಚ್ಚು; ಅಂತರ ಸುಮಾರು 1 ಡಿಗ್ರಿ ಫ್ಯಾರನ್‌ಹೀಟ್. ಸೋಂಕಿನ ಜ್ವರವೂ ಸಾಮಾನ್ಯವಾಗಿ ಇದೇ ಏರಿಳಿತದ ಬೆನ್ನೇರುತ್ತದೆ. ಮುಂಜಾನೆ ಮೈ ತಾನೇ ತಗ್ಗಿರುತ್ತದೆ, ಹೆಸರು ಗುಳಿಗೆಗೆ! ಸಂಜೆ 2 ಡಿಗ್ರಿ ಇಳಿದಿದೆಯಲ್ಲ, ಅದು ಕೆಲಸ ಮಾಡಿದ್ದಕ್ಕೇ.

ಹಾಗಾಗಿ ಸಂಜೆಯನ್ನು ಮುಂಜಾನೆಗಲ್ಲ, ನಿನ್ನೆಯ ಸಂಜೆಗೆ ಹೋಲಿಸಿ. ಕಂಕುಳದ ಬೆವರು ಒರೆಸಿ, ಗುಳಿಗೆಗೆ ಮುಂಚೆ ಒಮ್ಮೆ, ಒಂದೂವರೆ ತಾಸಿನ ನಂತರ ಒಮ್ಮೆ ನೋಡಿ, ಹೊತ್ತಿನ ಸಮೇತ ಬರೆದಿಡಿ. ಬಿಸಿಲಿಂದ ಬಂದ ಕೂಡಲೇ ನೋಡಬೇಡಿ. ಎರಡು ಗುಳಿಗೆಗಳ ನಡುವೆ 6 ತಾಸು ಬಿಡಿ, ದಿನಕ್ಕೆ 4 ಸಾಕು. ನೆಗಡಿ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುವುದುಂಟು, ಪಟ್ಟಿಯ ಹಿಂಬದಿ ಓದಿ. ಲಿವರ್ ತೊಂದರೆ, ಕುಡಿತ, 50 ಕಿಲೋಗಿಂತ ಕಡಿಮೆ ತೂಕ ಇದ್ದರೆ ಪ್ರಮಾಣ ವೈದ್ಯರೇ ಹೇಳಬೇಕು.

ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಐಬುಪ್ರೊಫೇನ್, ಆಸ್ಪಿರಿನ್, ಡೈಕ್ಲೊಫೆನಾಕ್ ಮುಟ್ಟಬೇಡಿ; ರಕ್ತಸ್ರಾವದ ಭಯ. ಮೂರು ದಿನವಾಗಿದೆ, ಇಂದೇ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಬಿಡುವಾಗಲೇ: ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಿರಿ.