ಓದುತ್ತಾರೆ, ಅರ್ಥ ಹೇಳುವುದಿಲ್ಲ: ಕಾರವಾರದ ಟೀಚರ್‌ಗೆ ಪ್ರತಿಕ್ರಿಯೆ

ನಮಸ್ಕಾರ ಟೀಚರ್. ನಿಮ್ಮ ನಾಲ್ಕನೇ ತರಗತಿಯ ಮಕ್ಕಳು ಪಾಠವನ್ನು ಗಟ್ಟಿಯಾಗಿ ಓದುತ್ತಾರೆ, ಏನು ಓದಿದಿರಿ ಅಂದರೆ ಸುಮ್ನೆ ಕೂರುತ್ತಾರೆ, ಮನೆಮಾತು ಕೊಂಕಣಿ ಇರುವವರೇ ಜಾಸ್ತಿ ಅಂದಿದ್ದೀರಿ.

ದಯವಿಟ್ಟು ಕೊಂಕಣಿಯನ್ನು ತರಗತಿಯಿಂದ ಹೊರಗಿಡಬೇಡಿ. ಓದಿಸುವ ಮೊದಲು ಕಥೆಯನ್ನು ಬಾಯಲ್ಲೇ ಹೇಳಿ. ಉತ್ತರ ಕೊಂಕಣಿಯಲ್ಲೇ ಬರಲಿ. ಅರ್ಥ ಆಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ ಅಲ್ವಾ? ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿಸಿ.

ನನಗೆ ಹೆಚ್ಚು ನಂಬಿಕೆ ಇರುವುದು ಮಕ್ಕಳ ಮಾತನ್ನೇ ಪಾಠ ಮಾಡುವುದರಲ್ಲಿ. ನಿನ್ನೆ ಬಲೆಗೆ ಏನು ಬಿತ್ತು ಅಂತ ಕೇಳಿ. "ಅಪ್ಪ ಬಾಂಗಡೆ ತಂದ. ಅಜ್ಜಿ ಬುಟ್ಟಿ ತುಂಬಿ ಪೇಟೆಗೆ ಒಯ್ದಳು." ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದು, ಬೆರಳಿಟ್ಟು ಓದಿಸಿ. ತಾನೇ ಹೇಳಿದ ಮಾತಾದ್ದರಿಂದ ಅರ್ಥಕ್ಕೆ ತಡಕಾಡಬೇಕಿಲ್ಲ. ಅಪ್ಪ, ಅಜ್ಜಿ, ಬುಟ್ಟಿ ಅನ್ನುವಲ್ಲೇ ಒತ್ತಕ್ಷರವೂ ಸಿಕ್ಕಿತು. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದಿಲ್ಲ. ಮಕ್ಕಳು ತೊಡರುವುದು ಇಲ್ಲೇ, ಇವಕ್ಕೆ ಬೇರೆಯಾಗಿ ಸಮಯ ಕೊಡಿ.

ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ 4 ಹಂತಗಳಿವೆ. ದೊಡ್ಡ ಮಕ್ಕಳಾದರೂ 1ನೇ ಹಂತದಿಂದಲೇ ಶುರು ಮಾಡಿ. ಓದುವಾಗ ತಪ್ಪಿದರೆ ನಡುವೆ ತಡೆಯಬೇಡಿ, ವಾಕ್ಯ ಮುಗಿಯಲಿ.

ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ತಿಳಿಸಿ. ಗುಂಪು ಮಾಡಿ ಓದಿಸುವ ಬಗ್ಗೆ ಮುಂದೆ ಬರೆಯುತ್ತೇನೆ.